ಕೊಡಗಿನ ನೆರಳು, ಬ್ರಸೆಲ್ಸ್‌ನ ಕಾಡು: ಯುರೋಪಿನ ಅರಣ್ಯನಾಶ ಕಾನೂನಿನ ಸುತ್ತ ಕಾಫಿಯ ಕಥನಗಳು

ಕೊಡಗಿನ ರೊಬಸ್ಟಾ ಕಾಫಿ ಬೀಜ ತುಂಬಿದ 20 ಅಡಿಯ ಒಂದು ಕಂಟೇನರ್‌ನಲ್ಲಿ 60 ಕಿಲೋದ 320 ಚೀಲ ಹಿಡಿಯುತ್ತದೆ; ಒಟ್ಟು 19.2 ಟನ್. ಹೆಕ್ಟೇರಿಗೆ ಒಂದು ಟನ್ ಬೀಜ ಎಂದು ಲೆಕ್ಕ ಹಿಡಿದರೆ ಅಷ್ಟಕ್ಕೆ ಸುಮಾರು 47 ಎಕರೆ ತೋಟ ಬೇಕು. ಎರಡೆರಡು ಎಕರೆಯ ಬೆಳೆಗಾರರಾದರೆ 24 ಮನೆಯ ಫಸಲು ಒಂದೇ ಪೆಟ್ಟಿಗೆಯೊಳಗೆ ಕೂತು ಮಂಗಳೂರು ಬಂದರಿನಿಂದ ಇಟಲಿಯ ಟ್ರಿಯೆಸ್ಟೆಗೆ ಹೋಗುತ್ತದೆ. ಇಷ್ಟು ವರ್ಷ ಆ ಪೆಟ್ಟಿಗೆಯ ಜೊತೆ ತೇವಾಂಶ, ಗ್ರೇಡ್, ತೂಕ, ಕೀಟಮುಕ್ತತೆಯ ಕಾಗದಗಳು ಹೋಗುತ್ತಿದ್ದವು. ಯುರೋಪಿಯನ್ ಒಕ್ಕೂಟದ 2023/1115 ಸಂಖ್ಯೆಯ ಅರಣ್ಯನಾಶ ತಡೆ ಕಾನೂನು, ಅಂದರೆ ವ್ಯಾಪಾರಿಗಳ ಬಾಯಲ್ಲಿ ಇಯುಡಿಆರ್, ಜಾರಿಯಾದ ದಿನದಿಂದ ಆ 24 ತೋಟಗಳ ಅಕ್ಷಾಂಶ ರೇಖಾಂಶವೂ ಹೋಗಬೇಕು. ಜೊತೆಗೆ 2020ರ ಡಿಸೆಂಬರ್ 31ರ ನಂತರ ಆ ಜಾಗದಲ್ಲಿ ಕಾಡು ಕಡಿದು ಕಾಫಿ ಹಾಕಿಲ್ಲ ಎಂಬ ಘೋಷಣೆಯೂ ಬೇಕು.

ಈ ಕಾನೂನನ್ನು ವ್ಯಾಪಾರದ ನಿಯಮವಾಗಿ ವಿವರಿಸುವ ಬರಹಗಳು ಬೇಕಾದಷ್ಟಿವೆ. ಇಲ್ಲಿ ಅದನ್ನು ಅಂತರರಾಷ್ಟ್ರೀಯ ರಾಜಕಾರಣದ ಒಂದು ಪ್ರಕರಣವಾಗಿ ನೋಡುತ್ತೇವೆ. ಸರ್ಕಾರಗಳು, ಪರಿಸರ ಸಂಘಟನೆಗಳು, ಚಾಕೊಲೇಟ್ ಕಂಪನಿಗಳು, ಕಾಫಿ ಮಂಡಳಿ, ಬೆಳೆಗಾರರ ಸಂಘಗಳು ಒಂದೊಂದು ಕಥನ ಹಿಡಿದು ಕಣಕ್ಕಿಳಿದದ್ದು ಹೇಗೆ? ಅದರಲ್ಲಿ ಯಾರ ಮಾತು ಕಾನೂನಿನ ಅಕ್ಷರವಾಯಿತು, ಯಾರದ್ದು ಭಾಷಣವಾಗಿಯೇ ಉಳಿಯಿತು?

ಇಂಥ ಕಥನಕ್ಕೆ ಕಾರ್ಯತಂತ್ರದ ಕಥನ ಎಂಬ ಹೆಸರಿದೆ; ಅದು ಸುಳ್ಳು ಪ್ರಚಾರವಲ್ಲ. ಹಿಂದೆ ಏನಾಯಿತು, ಈಗ ಯಾವ ತೊಂದರೆ ಇದೆ, ಮುಂದೆ ಏನಾಗಬೇಕು, ಅದರಲ್ಲಿ ಯಾರ ಪಾತ್ರ ಏನು ಎಂಬುದನ್ನು ಒಂದೇ ಸಾಲಿಗೆ ತಂದು, ಬೇರೆಯವರ ವರ್ತನೆ ಬದಲಿಸುವ ಉದ್ದೇಶದಿಂದ ಮತ್ತೆ ಮತ್ತೆ ಹೇಳುವುದು. ಇದನ್ನು ಅಧ್ಯಯನ ಮಾಡುವವರು ಮೂರು ಮಟ್ಟ ಗುರುತಿಸುತ್ತಾರೆ: ಜಗತ್ತು ಹೇಗೆ ನಡೆಯಬೇಕು ಎಂಬ ವ್ಯವಸ್ಥೆಯ ಕಥನ, ನಾವು ಯಾರು ಎಂಬ ಗುರುತಿನ ಕಥನ, ಈ ಒಂದು ಸಮಸ್ಯೆಗೆ ಪರಿಹಾರ ಏನು ಎಂಬ ವಿಷಯದ ಕಥನ. ಕಟ್ಟುವುದು, ಹರಡುವುದು, ಕೇಳಿದವರು ಸ್ವೀಕರಿಸುವುದು ಎಂಬ ಮೂರು ಹಂತಗಳನ್ನೂ ಹೇಳುತ್ತಾರೆ. ಕೊಡಗಿನ ಪ್ರಕರಣ ನೋಡಿದರೆ ಇವುಗಳಾಚೆ ಇನ್ನೊಂದು ಹಂತ ಎದ್ದು ಕಾಣುತ್ತದೆ. ಕಥನವು ವ್ಯಾಖ್ಯೆಯಾಗಿ, ತಾರೀಕಾಗಿ, ನಮೂನೆಯ ಕಾಲಂ ಆಗಿ ಇಳಿಯುವುದೇ ಆ ಹಂತ. ಅಲ್ಲಿಯವರೆಗೆ ಹೋಗದ ಕಥನಕ್ಕೆ ಎಷ್ಟು ಚಪ್ಪಾಳೆ ಸಿಕ್ಕರೂ ಕಂಟೇನರ್ ಕದಲುವುದಿಲ್ಲ.

ಯುರೋಪ್ ತನ್ನ ಕಥನ ಕಟ್ಟಿದ ಬಗೆ

ಯುರೋಪಿನ ಕಥನದ ಮೊದಲ ವಾಕ್ಯ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಅಂಕಿಯಿಂದ ಬಂತು. 1990ರಿಂದ 2020ರವರೆಗೆ ಜಗತ್ತು 42 ಕೋಟಿ ಹೆಕ್ಟೇರ್ ಕಾಡು ಕಳೆದುಕೊಂಡಿತು, ಅದು ಯುರೋಪಿಯನ್ ಒಕ್ಕೂಟಕ್ಕಿಂತ ದೊಡ್ಡ ಜಾಗ. ಎರಡನೆಯ ವಾಕ್ಯ: ಆ ನಾಶದಲ್ಲಿ ನಮ್ಮ ಊಟದ ತಟ್ಟೆಗೂ ಪಾಲಿದೆ. ಒಕ್ಕೂಟದ ಬಳಕೆಯಿಂದಾಗುವ ಅರಣ್ಯನಾಶದಲ್ಲಿ ತಾಳೆ ಎಣ್ಣೆಗೆ ಶೇ 34, ಸೋಯಾಕ್ಕೆ ಶೇ 32.8, ಮರಕ್ಕೆ ಶೇ 8.6, ಕೋಕೋಗೆ ಶೇ 7.5, ಕಾಫಿಗೆ ಶೇ 7, ದನದ ಉತ್ಪನ್ನಗಳಿಗೆ ಶೇ 5, ರಬ್ಬರಿಗೆ ಶೇ 3.4 ಎಂದು ಕಾನೂನಿನ ಪೀಠಿಕೆಯಲ್ಲೇ ಬರೆದಿದ್ದಾರೆ. ಮೂರನೆಯ ವಾಕ್ಯ: ಆದ್ದರಿಂದ ನಮ್ಮ ಮಾರುಕಟ್ಟೆಯ ಬಾಗಿಲಲ್ಲೇ ತಡೆಯುತ್ತೇವೆ.

ಈ ಜೋಡಣೆಯ ಶಕ್ತಿ ಎರಡನೆಯ ವಾಕ್ಯದಲ್ಲಿದೆ. ಬ್ರೆಜಿಲ್ ಅಥವಾ ಇಂಡೊನೇಷ್ಯಾ ಕಾಡು ಕಡಿಯುತ್ತಿದೆ ಎಂದು ಬೆರಳು ತೋರಿಸಿದ್ದರೆ ಅದು ಪರದೇಶದ ಆಡಳಿತದಲ್ಲಿ ಕೈಹಾಕಿದಂತಾಗುತ್ತಿತ್ತು. ತಪ್ಪು ನಮ್ಮ ಬಳಕೆಯದ್ದು ಎಂದ ಕೂಡಲೇ ನಿಯಮ ಮಾಡುವ ಹಕ್ಕೂ ನಮ್ಮದೇ ಆಯಿತು. ತಪ್ಪನ್ನು ಒಪ್ಪಿಕೊಂಡಂತೆ ಹೇಳಿ ಅಧಿಕಾರ ಪಡೆದುಕೊಳ್ಳುವ ಈ ದಾರಿ ಬಹಳ ಪರಿಣಾಮಕಾರಿ. ಬೆಳೆಯುವ ದೇಶಗಳು ಇದಕ್ಕೆ ಸರಿಯಾದ ಉತ್ತರ ಹುಡುಕಲು ತಡಮಾಡಿದವು.

ಹರಡಿದವರಲ್ಲಿ ಸರ್ಕಾರೇತರರ ಪಾಲು ದೊಡ್ಡದು. 2020ರ ಕೊನೆಯಲ್ಲಿ ಯುರೋಪಿಯನ್ ಆಯೋಗ ಸಾರ್ವಜನಿಕ ಅಭಿಪ್ರಾಯ ಕೇಳಿದಾಗ ಪರಿಸರ ಸಂಘಟನೆಗಳ ಜಂಟಿ ಅಭಿಯಾನದ ಬಲದಿಂದ ಸುಮಾರು 12 ಲಕ್ಷ ಉತ್ತರ ಬಂದವು. ಅಭಿಯಾನ ಜನರಿಗೆ ಕೊಟ್ಟದ್ದು ಸಿದ್ಧ ಉತ್ತರದ ಪತ್ರ; ಒತ್ತಿ ಕಳಿಸಿದರೆ ಸಾಕು. ಆದರೆ ಆ ಸಂಖ್ಯೆಯೇ ಮುಂದೆ ‘ಜನರ ಬೇಡಿಕೆ’ ಎಂಬ ಸಾಕ್ಷಿಯಾಯಿತು. 2021ರ ನವೆಂಬರ್ 2ರಂದು ಗ್ಲಾಸ್ಗೊ ಹವಾಮಾನ ಸಮಾವೇಶದಲ್ಲಿ 2030ಕ್ಕೆ ಅರಣ್ಯನಾಶ ನಿಲ್ಲಿಸುವ ನಾಯಕರ ಘೋಷಣೆ ಬಂತು. ನವೆಂಬರ್ 17ಕ್ಕೆ ಕಾನೂನಿನ ಕರಡು ಹೊರಬಿತ್ತು. ಗ್ಲಾಸ್ಗೊ ಘೋಷಣೆಗೆ ಭಾರತ ಸಹಿ ಹಾಕಲಿಲ್ಲ, ಅದರಲ್ಲಿದ್ದ ವ್ಯಾಪಾರದ ಮಾತಿಗೆ ತಕರಾರಿತ್ತು. 2023ರ ಏಪ್ರಿಲ್ 19ರಂದು ಯುರೋಪಿನ ಸಂಸತ್ತು 44ಕ್ಕೆ ಎದುರಾಗಿ 552 ಮತಗಳಿಂದ ಕಾನೂನನ್ನು ಅಂಗೀಕರಿಸಿತು. ಜೂನ್ 29ಕ್ಕೆ ಅದು ಅಸ್ತಿತ್ವಕ್ಕೆ ಬಂತು.

ತಾರೀಕಿನ ಆಯ್ಕೆಯನ್ನು ಗಮನಿಸಬೇಕು. ಸಂಸತ್ತು 2019ರ ಡಿಸೆಂಬರ್ 31 ಎಂದಿತ್ತು, ಆಯೋಗ 2020 ಎಂದಿತ್ತು. ಕೊನೆಗೆ 2020 ಉಳಿಯಿತು. ಯಾವ ವರ್ಷದಿಂದ ಲೆಕ್ಕ ಶುರು ಎಂಬುದನ್ನು ತೀರ್ಮಾನಿಸುವವನು ಯಾರು ತಪ್ಪಿತಸ್ಥ ಎಂಬುದನ್ನೂ ತೀರ್ಮಾನಿಸುತ್ತಾನೆ. ಯುರೋಪ್ ತನ್ನ ಕಾಡುಗಳನ್ನು ಕಡಿದದ್ದು ಈ ಗೆರೆಗಿಂತ ಎಷ್ಟೋ ಹಿಂದೆ. 1850ರ ದಶಕದಿಂದ ಬ್ರಿಟಿಷ್ ಪ್ಲಾಂಟರುಗಳು ಕೊಡಗಿನ ಬೆಟ್ಟಗಳನ್ನು ಬೋಳಿಸಿ ಕಾಫಿ ಹಾಕಿದ್ದೂ ಲೆಕ್ಕಕ್ಕಿಲ್ಲ. ಹಾಗೆಯೇ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನಾವೇ ಬಾಣೆಯ (ಗದ್ದೆಗೆ ಸೇರಿದ ಮರಗಳ ಗುಡ್ಡದ ಜಾಗ) ಕಾಡನ್ನು ಕಾಫಿಯಾಗಿಸಿದ್ದೂ ಲೆಕ್ಕಕ್ಕಿಲ್ಲ. ಗೆರೆ ಎರಡೂ ಕಡೆಯವರನ್ನು ಉಳಿಸಿದೆ ಎಂಬುದನ್ನು ಮರೆತು ಮಾತಾಡಿದರೆ ವಾದ ಗಟ್ಟಿಯಾಗುವುದಿಲ್ಲ.

ಎದುರು ನಿಂತವರು

2023ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಕೊಲಂಬಿಯಾ, ಮಲೇಷ್ಯಾ, ಘಾನಾ, ಪೆರು ಸೇರಿ 17 ದೇಶಗಳು ಆಯೋಗಕ್ಕೆ ಜಂಟಿ ಪತ್ರ ಬರೆದವು. ಇಂಡೊನೇಷ್ಯಾದ ಸಚಿವ ಏರ್‌ಲಾಂಗಾ ಹರ್ತಾರ್ತೊ ಇದನ್ನು ನಿಯಮಗಳ ಸಾಮ್ರಾಜ್ಯಶಾಹಿ ಎಂಬರ್ಥದಲ್ಲಿ ಕರೆದರು. ಇದು ವ್ಯವಸ್ಥೆಯ ಮಟ್ಟದ ಕಥನ: ಹಳೆಯ ವಸಾಹತು ಒಡೆಯರು ಹೊಸ ವೇಷದಲ್ಲಿ ಬಂದಿದ್ದಾರೆ. ತಮ್ಮ ದೇಶದೊಳಗೆ ಇದು ಚೆನ್ನಾಗಿ ಓಡಿತು. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಮಾತ್ರ ‘ಕಾಡು ಕಡಿಯುವವರ ಪ್ರತಿರೋಧ’ ಎಂದು ಓದಿಕೊಂಡರು. ಕಥನವನ್ನು ಯಾರಿಗಾಗಿ ಕಟ್ಟುತ್ತೇವೆ ಎಂಬುದು ತಪ್ಪಿದರೆ ಆಗುವುದು ಇದೇ.

ವಿಯೆಟ್ನಾಂ ಆ ಪತ್ರಕ್ಕೆ ಸಹಿ ಹಾಕಲಿಲ್ಲ. ಜಗತ್ತಿನ ಅತಿ ದೊಡ್ಡ ರೊಬಸ್ಟಾ ದೇಶ ಅದು. ಗಲಾಟೆ ಮಾಡದೆ ಕಾಫಿ ಪ್ರದೇಶಗಳ ದತ್ತಾಂಶ ಜೋಡಿಸುವ ಕೆಲಸಕ್ಕಿಳಿಯಿತು, ‘ನಾವು ತಯಾರು’ ಎಂಬ ಕಥನ ಹಿಡಿಯಿತು. ಕೊಡಗಿನ ರೊಬಸ್ಟಾ ಬೆಳೆಗಾರ ಮಾರುಕಟ್ಟೆಯಲ್ಲಿ ಎದುರಿಸುವುದು ಈ ವಿಯೆಟ್ನಾಮನ್ನೇ.

ಭಾರತವೂ ಆ 17ರಲ್ಲಿ ಇರಲಿಲ್ಲ. ಆದರೆ ವಾಣಿಜ್ಯ ಸಚಿವಾಲಯದ ಮಾತಿನಲ್ಲಿ ಈ ಕಾನೂನು, ಆಮದು ಸರಕಿನ ಇಂಗಾಲಕ್ಕೆ ಯುರೋಪ್ ಹಾಕುವ ಗಡಿ ಇಂಗಾಲ ತೆರಿಗೆಯ ಜೊತೆಗೆ, ಸುಂಕವಲ್ಲದ ಅಡ್ಡಿ, ಏಕಪಕ್ಷೀಯ ಕ್ರಮ, ಅಭಿವೃದ್ಧಿಶೀಲ ದೇಶಗಳ ಮೇಲೆ ಅನ್ಯಾಯದ ಹೊರೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಈ ಕಥನಕ್ಕೆ ತೂಕವಿದೆ. ಅದೇ ಹೊತ್ತಿಗೆ ಅದೇ ಸಚಿವಾಲಯದ ಅಡಿಯ ಕಾಫಿ ಮಂಡಳಿ ಇನ್ನೊಂದು ಕಥನ ನಡೆಸಿತು: ಭಾರತದ ಕಾಫಿ ನೆರಳಿನಲ್ಲಿ ಬೆಳೆದದ್ದು, ಪಶ್ಚಿಮ ಘಟ್ಟದ ಜೀವವೈವಿಧ್ಯದೊಂದಿಗೆ ಬೆಳೆದದ್ದು. 2023ರ ಸೆಪ್ಟೆಂಬರ್ 25ರಿಂದ 28ರವರೆಗೆ ಬೆಂಗಳೂರು ಅರಮನೆಯಲ್ಲಿ ನಡೆದ ವಿಶ್ವ ಕಾಫಿ ಸಮ್ಮೇಳನ, ಏಷ್ಯಾದಲ್ಲಿ ಮೊದಲನೆಯದು, ಈ ಗುರುತಿನ ಕಥನದ ದೊಡ್ಡ ವೇದಿಕೆ. ರಾಯಭಾರಿಯಾಗಿ ಕೊಡಗಿನವರೇ ಆದ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಇದ್ದರು. 2019ರಲ್ಲಿ ಕೂರ್ಗ್ ಅರೇಬಿಕಾಕ್ಕೆ ಸಿಕ್ಕ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಇದೇ ಸಾಲಿನದ್ದು.

ಒಂದು ಬಾಯಿ ‘ಈ ನಿಯಮವೇ ಅನ್ಯಾಯ’ ಎನ್ನುತ್ತದೆ, ಇನ್ನೊಂದು ‘ಈ ನಿಯಮಕ್ಕೆ ನಮಗಿಂತ ಹೊಂದುವವರು ಯಾರೂ ಇಲ್ಲ’ ಎನ್ನುತ್ತದೆ. ಎರಡೂ ಬೇರೆ ಬೇರೆಯಾಗಿ ನಿಜ. ಆದರೆ ಕೇಳುವವನು ಒಬ್ಬನೇ ಆದಾಗ ಒಂದು ಇನ್ನೊಂದನ್ನು ಕುಗ್ಗಿಸುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಗಂಭೀರ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ಹೆಚ್ಚಿದ್ದು ಶೇ 10ಕ್ಕಿಂತ ಹೆಚ್ಚು ಮರದ ಹೊದಿಕೆ ಇರುವ ಯಾವ ಜಾಗವೂ ‘ಅರಣ್ಯ ಹೊದಿಕೆ’. ಯಾರ ಒಡೆತನ, ಏನು ಬೆಳೆ ಎಂಬುದು ಮುಖ್ಯವಲ್ಲ. ಹಾಗಾಗಿ ನಮ್ಮ ಕಾಫಿ ತೋಟಗಳು ದೇಶದ ಅರಣ್ಯ ಹೊದಿಕೆಯಲ್ಲಿ ಸೇರಿವೆ, ಕೊಡಗಿನ ಮುಕ್ಕಾಲಿಗೂ ಹೆಚ್ಚು ಭೂಮಿ ಹಸಿರು ಬಣ್ಣದಲ್ಲಿ ಕಾಣುತ್ತದೆ. 2030ರೊಳಗೆ 250ರಿಂದ 300 ಕೋಟಿ ಟನ್ ಇಂಗಾಲ ಡೈಆಕ್ಸೈಡಿಗೆ ಸಮನಾದ ಹೆಚ್ಚುವರಿ ಹೀರಿಕೆಯನ್ನು ಕಾಡು ಮತ್ತು ಮರದ ಹೊದಿಕೆಯಿಂದ ಸಾಧಿಸುತ್ತೇವೆಂದು ಭಾರತ ಪ್ಯಾರಿಸ್ ಒಪ್ಪಂದದಡಿ ಹೇಳಿದೆ. ಆ ಹವಾಮಾನ ಕಥನಕ್ಕೆ ತೋಟವೂ ಕಾಡಾಗಿದ್ದರೆ ಒಳ್ಳೆಯದು. ಕಾಫಿ ರಫ್ತಿಗೆ ಅದೇ ತೋಟ ಕಾಡಲ್ಲ, ಕೃಷಿಭೂಮಿ ಎಂದು ಸಾಬೀತಾಗಬೇಕು. ಎರಡು ಕಥನಗಳು ಒಂದೇ ಸರ್ವೆ ನಂಬರಿನ ಮೇಲೆ ಎದುರುಬದುರಾಗಿ ನಿಂತಿವೆ, ದೆಹಲಿಯ ಎರಡು ಇಲಾಖೆಗಳು ಇದನ್ನು ಒಟ್ಟಿಗೆ ಕೂತು ಬಗೆಹರಿಸಬೇಕು.

ವ್ಯಾಖ್ಯೆಯ ಒಳಗೆ ಕೊಡಗು

ಇಯುಡಿಆರ್‌ನಲ್ಲಿ ಕಾಡು ಅಂದರೆ ಅರ್ಧ ಹೆಕ್ಟೇರಿಗಿಂತ ಹೆಚ್ಚಿನ ಜಾಗ, 5 ಮೀಟರಿಗಿಂತ ಎತ್ತರದ ಮರ, ಶೇ 10ಕ್ಕಿಂತ ಹೆಚ್ಚು ಹೊದಿಕೆ. ಇಷ್ಟೇ ಆಗಿದ್ದರೆ ಹಲಸು, ನಂದಿ, ಬೀಟೆ, ಅತ್ತಿ, ಹಾಲವಾಣ, ಸಿಲ್ವರ್ ಓಕ್ ತುಂಬಿದ ಕೊಡಗಿನ ತೋಟಗಳೆಲ್ಲ ಕಾಡೇ. ಆದರೆ ‘ಮುಖ್ಯವಾಗಿ ಕೃಷಿ ಬಳಕೆಯಲ್ಲಿರುವ ಜಾಗ ಹೊರತು’ ಎಂಬ ಮಾತಿದೆ, ಮರದ ನೆರಳಿನಡಿ ಬೆಳೆ ತೆಗೆಯುವ ಕೃಷಿ ಅರಣ್ಯ ಪದ್ಧತಿಯೂ ಕೃಷಿಯೇ ಎಂದು ಸ್ಪಷ್ಟವಾಗಿ ಬರೆದಿದೆ. ಕಾನೂನಿನ ಕಾಗದದ ಮೇಲೆ ಕೊಡಗು ಗೆದ್ದಿದೆ.

ಸೋಲುವ ಅಪಾಯ ಇರುವುದು ನಕ್ಷೆಯಲ್ಲಿ. ಆಯೋಗದ ಸಂಶೋಧನಾ ಕೇಂದ್ರ 2020ರ ಜಾಗತಿಕ ಅರಣ್ಯ ನಕ್ಷೆಯೊಂದನ್ನು 10 ಮೀಟರ್ ಚೌಕದ ಸೂಕ್ಷ್ಮತೆಯಲ್ಲಿ ಪ್ರಕಟಿಸಿದೆ. ಅದು ಕಡ್ಡಾಯವಲ್ಲ, ಅಂತಿಮ ಸಾಕ್ಷಿಯಲ್ಲ ಎಂದು ಅವರೇ ಹೇಳುತ್ತಾರೆ. ಆದರೂ ಆಮದುದಾರನ ಸಾಫ್ಟ್‌ವೇರ್ ಮೊದಲು ತಾಳೆ ನೋಡುವುದು ಇಂಥ ನಕ್ಷೆಯನ್ನೇ. ಉಪಗ್ರಹ ಮೇಲಿನಿಂದ ಕಾಣುವುದು ಮರದ ನೆತ್ತಿಯನ್ನು, ಅಡಿಯ ಕಾಫಿ ಗಿಡವನ್ನಲ್ಲ. ದಟ್ಟ ನೆರಳಿನ ಹಳೆಯ ಅರೇಬಿಕಾ ತೋಟ ಅಲ್ಲಿ ಕಾಡಾಗಿ ದಾಖಲಾಗುವ ಸಾಧ್ಯತೆ ಹೆಚ್ಚು. ನೆರಳು ಬೋಳಿಸಿದ ತೋಟ ಸಲೀಸಾಗಿ ಕೃಷಿಯಾಗಿ ಪಾಸಾಗುತ್ತದೆ. ಪರಿಸರಕ್ಕೆ ಒಳ್ಳೆಯದು ಮಾಡಿದವನಿಗೇ ಹೆಚ್ಚು ಪ್ರಶ್ನೆ. ಇದು ಕಾನೂನಿನ ಉದ್ದೇಶಕ್ಕೇ ವಿರುದ್ಧ, ಬೆಳೆಗಾರರ ಸಂಘಗಳು ಬ್ರಸೆಲ್ಸ್‌ನಲ್ಲಿ ಎತ್ತಬೇಕಾದ ಅತ್ಯಂತ ಬಲವಾದ ಮಾತೂ ಇದೇ. ಇದನ್ನು ಹೇಳುವಾಗ ‘ಅನ್ಯಾಯ’ ಎಂದರೆ ಸಾಲದು. ಅಡಿಯಲ್ಲಿ ನಿಂತು ತೆಗೆದ, ತಾರೀಕು ಮತ್ತು ಸ್ಥಳ ದಾಖಲಾದ ಚಿತ್ರಗಳೊಂದಿಗೆ, ಇಂತಿಂಥ ಚೌಕಗಳಲ್ಲಿ ನಕ್ಷೆ ತಪ್ಪಿದೆ ಎಂದು ತೋರಿಸಬೇಕು.

ಒಂದು ಮಾದರಿ ತೆಗೆದುಕೊಳ್ಳೋಣ. ಸುಂಟಿಕೊಪ್ಪದ ಕಡೆಯ ಮೂರು ಎಕರೆ ತೋಟ, ಹಾಲವಾಣ ಮತ್ತು ಸಿಲ್ವರ್ ಓಕ್ ನೆರಳು, ಮರಕ್ಕೆ ಕರಿಮೆಣಸಿನ ಬಳ್ಳಿ. 2022ರ ಮೇ ತಿಂಗಳಲ್ಲಿ ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಕತ್ತರಿಸಿ ಕಪಾತು ಮಾಡಿಸಿದರು, ಮರುವರ್ಷ ಮಗಳ ಮದುವೆಗೆಂದು ನಲವತ್ತು ಓಕ್ ಮಾರಿದರು. 2020ರ ನಕ್ಷೆಯಲ್ಲಿ ಆ ಜಾಗ ಕಾಡು. 2024ರ ಜನವರಿಯ ಉಪಗ್ರಹ ಚಿತ್ರದಲ್ಲಿ ಹೊದಿಕೆ ತೆಳುವಾಗಿದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡ ಮುಚ್ಚುವುದರಿಂದ ಆ ತಿಂಗಳುಗಳ ಸ್ಪಷ್ಟ ಚಿತ್ರಗಳು ಕಡಿಮೆ, ಬದಲಾವಣೆ ನಿಧಾನವಾಗಿ ಆದದ್ದು ಕಾಣದೆ ಒಮ್ಮೆಲೇ ಆದಂತೆ ತೋರುತ್ತದೆ. ತೀರ್ಪು: ಕಾಡು ಇತ್ತು, ಹೋಯಿತು, ಈಗ ಕಾಫಿ ಇದೆ. ತೋಟದವರು ಮಾಡಿದ್ದು ದಿನನಿತ್ಯದ ಕೃಷಿ. ಅದನ್ನು ಹೇಳಲು ಬೇಕಾದದ್ದು 2020ಕ್ಕೆ ಮುಂಚೆಯೇ ಅಲ್ಲಿ ಕಾಫಿ ಇತ್ತು ಎಂಬ ಕಾಗದ: ಪಹಣಿಯ ಬೆಳೆ ಕಾಲಂ, ಕಾಫಿ ಮಂಡಳಿಯ ನೋಂದಣಿ, ಹಳೆಯ ಸಹಾಯಧನದ ಆದೇಶ, ಚೆರಿ (ಸಿಪ್ಪೆ ಸಹಿತ ಒಣಗಿಸಿದ ಕಾಫಿ ಕಾಯಿ) ಮಾರಿದ ಬಿಲ್ಲು, ಮರ ಕಡಿಯಲು ಪಡೆದ ಅನುಮತಿ.

ತದ್ವಿರುದ್ಧ ಪರಿಸ್ಥಿತಿಯೂ ಇದೆ, ಅದನ್ನು ಮುಚ್ಚಿಡಬಾರದು. ಬಾಣೆಯ ಕಾಡಿನಲ್ಲಿ ಒಂದೂ ಮರ ಕಡಿಯದೆ 2021ರ ನಂತರ ಅಡಿಯಲ್ಲಿ ಹೊಸದಾಗಿ ಕಾಫಿ ನೆಟ್ಟಿದ್ದರೆ ಕಾನೂನಿನ ಕಣ್ಣಲ್ಲಿ ಅದು ಕಾಡನ್ನು ಕೃಷಿಯಾಗಿಸಿದ್ದೇ. ‘ನೆರಳು ಹಾಗೇ ಇದೆಯಲ್ಲ’ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ನೆರಳಿನ ಕಥನ ಮಾರುಕಟ್ಟೆಯ ಕರಪತ್ರಕ್ಕೆ ಸಾಕು. ಕಾನೂನು ಕೇಳುವುದು ಗಿಡ ನೆಟ್ಟ ವರ್ಷ.

ಗಡಿ ನಡೆಯುವ ಕೆಲಸ

ನಾಲ್ಕು ಹೆಕ್ಟೇರ್, ಅಂದರೆ ಹತ್ತು ಎಕರೆಗೆ ತುಸು ಕಡಿಮೆ, ಅಷ್ಟರವರೆಗಿನ ತುಂಡಿಗೆ ಒಂದೇ ಬಿಂದು ಕೊಟ್ಟರೆ ಸಾಕು. ಅದಕ್ಕಿಂತ ದೊಡ್ಡದಕ್ಕೆ ಸುತ್ತಳತೆಯ ಬಹುಭುಜ ಬೇಕು. ದಶಾಂಶದ ನಂತರ ಆರು ಅಂಕಿ ಕೇಳುತ್ತಾರೆ. ಆರನೆಯ ಅಂಕಿ ಅಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಮೊಬೈಲ್ ಫೋನ್ ಬಯಲಲ್ಲಿ ಮೂರರಿಂದ ಐದು ಮೀಟರ್ ತಪ್ಪುತ್ತದೆ, ಕೊಡಗಿನ ಮರದಡಿ ಹತ್ತು ಮೀಟರ್ ಅಥವಾ ಇನ್ನೂ ಹೆಚ್ಚು. ಅಂಕಿಗಳು ಉದ್ದವಾದಷ್ಟಕ್ಕೆ ಜಾಗ ನಿಖರವಾಗುವುದಿಲ್ಲ. 200 ಮೀಟರ್ ಉದ್ದದ ಒಂದು ಪಕ್ಕ ಹತ್ತು ಮೀಟರ್ ಸರಿದರೆ ಅರ್ಧ ಎಕರೆ ಆಚೆಗೋ ಈಚೆಗೋ ಹೋಗುತ್ತದೆ. ಪಕ್ಕದವರ ತೋಟದ ಮೇಲೆ ಬಿದ್ದರೆ ತಿದ್ದಿಕೊಳ್ಳಬಹುದು. ಮೀಸಲು ಅರಣ್ಯದ ಗಡಿಯೊಳಗೆ ಬಿದ್ದರೆ ಆ ತೋಟದ ಬೀಜ ಯಾರೂ ಮುಟ್ಟುವುದಿಲ್ಲ.

ಫೋನ್ ಹಿಡಿದು ಬೇಲಿಯುದ್ದಕ್ಕೂ ನಡೆದು ಜಾಡು ದಾಖಲಿಸುವುದು ಸುಲಭ, ಆದರೆ ಮರದಡಿಯಲ್ಲಿ ಆ ಗೆರೆ ಸೊಟ್ಟಪಟ್ಟೆಯಾಗಿ ತನ್ನನ್ನೇ ದಾಟುತ್ತದೆ. ದಾಟಿದ ಗೆರೆಯ ಬಹುಭುಜವನ್ನು ಯುರೋಪಿನ ಗಣಕ ವ್ಯವಸ್ಥೆ ತಿರಸ್ಕರಿಸುತ್ತದೆ. ಇದಕ್ಕಿಂತ ಮೂಲೆಮೂಲೆಯಲ್ಲಿ ಒಂದೆರಡು ನಿಮಿಷ ನಿಂತು, ಓದು ಸ್ಥಿರವಾದ ಮೇಲೆ ಬಿಂದು ಒತ್ತಿ, ಮೂಲೆಗಳ ನಡುವೆ ನೇರ ಗೆರೆ ಎಳೆದು, ಸರ್ವೆ ನಕ್ಷೆಯ ಹಿಸ್ಸಾ ಗಡಿಯೊಂದಿಗೆ ಹೋಲಿಸುವುದು ಮೇಲು. ಮೊದಲ ಬಿಂದುವೇ ಕೊನೆಯ ಬಿಂದುವಾಗಬೇಕು, ಇಲ್ಲದಿದ್ದರೆ ಆಕಾರ ಮುಚ್ಚುವುದಿಲ್ಲ. ಒಂದೇ ಬಿಂದು ಕೊಡುವವರು ಮನೆ ಅಂಗಳದಲ್ಲೋ ಕಾಫಿ ಒಣಗಿಸುವ ಕಣದಲ್ಲೋ ನಿಂತು ಒತ್ತಬಾರದು, ಗಿಡಗಳ ನಡುವೆ ನಿಂತು ಒತ್ತಬೇಕು. ಹೊಳೆಯಾಚೆ ಬೇರೆ ಸರ್ವೆ ನಂಬರಿನ ತುಂಡಿದ್ದರೆ ಅದಕ್ಕೆ ಬೇರೆ ಬಿಂದು. ಕಡತದಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ ಬರೆಯುವ ಕ್ರಮವಿದೆ. ಮಡಿಕೇರಿ 75.74 ಪೂರ್ವ, 12.42 ಉತ್ತರ. ಅದಲುಬದಲಾದರೆ ತೋಟ ಹೋಗಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಹಿಮಸಮುದ್ರದಲ್ಲಿ ಬೀಳುತ್ತದೆ.

ಬಿಂದು ಸರಿಯಾದರೂ ಸರಕು ಬೆರೆತರೆ ಕೆಲಸ ಕೆಟ್ಟಂತೆ. ಸಣ್ಣ ಬೆಳೆಗಾರ 50 ಕಿಲೋ ಚೀಲದ ಚೆರಿಯನ್ನು ಊರಿನ ವ್ಯಾಪಾರಿಗೆ ಕೊಡುತ್ತಾನೆ, ವ್ಯಾಪಾರಿ ಹತ್ತಾರು ಮನೆಯದ್ದನ್ನು ಒಂದೇ ರಾಶಿ ಮಾಡಿ, ಸಿಪ್ಪೆ ತೆಗೆದು ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುತ್ತಾನೆ. ಗುರುತು ಅಳಿಯುವುದು ಆ ಗೋದಾಮಿನಲ್ಲಿ. ಕಾನೂನಿನಲ್ಲಿ ‘ಇಷ್ಟು ಪಾಲು ಶುದ್ಧ’ ಎಂಬ ಸರಾಸರಿ ಲೆಕ್ಕಕ್ಕೆ ಜಾಗವಿಲ್ಲ. 24 ತೋಟಗಳಲ್ಲಿ ಒಂದು ಹೊಂದದಿದ್ದರೆ ಬೆರೆತ ರಾಶಿಯೇ ಹೊರಗೆ. ಹೆಚ್ಚು ತೋಟಗಳ ಪಟ್ಟಿ ಕೊಡುವುದಕ್ಕೆ ಅಡ್ಡಿಯಿಲ್ಲ, ಆದರೆ ಕೊಟ್ಟ ಪ್ರತಿ ತೋಟಕ್ಕೂ ಆಮದುದಾರ ಹೊಣೆ. ದಂಡದ ಗರಿಷ್ಠ ಮಿತಿ ಕಂಪನಿಯ ಯುರೋಪಿನ ವಾರ್ಷಿಕ ವಹಿವಾಟಿನ ಶೇ 4ಕ್ಕಿಂತ ಕಡಿಮೆ ಇರುವಂತಿಲ್ಲ. ಹಾಗಿರುವಾಗ ಅವನು ಅನುಮಾನದ ಸಣ್ಣ ತೋಟವನ್ನು ಬಿಟ್ಟು ಕಾಗದ ಪಕ್ಕಾ ಇರುವ ದೊಡ್ಡ ಎಸ್ಟೇಟಿನ ಕಡೆ ಹೋಗುತ್ತಾನೆ. ಕಾಡಿನ ಕಥನದ ಭಾರ ಸಣ್ಣ ಹಿಡುವಳಿಯ ಮೇಲೆ ಇಳಿಯುವ ದಾರಿ ಇದು. ಅಂದಹಾಗೆ 2023ರ ಪಟ್ಟಿಯಲ್ಲಿ ಕಾಫಿ ಅಂದರೆ ಸುಂಕದ ಪಟ್ಟಿಯ 0901 ಶೀರ್ಷಿಕೆಯ ಬೀಜ, ಪುಡಿ, ಸಿಪ್ಪೆಯಂಥವು ಮಾತ್ರ, 2101ರ ಇನ್‌ಸ್ಟಂಟ್ ಕಾಫಿ ಸೇರಿರಲಿಲ್ಲ.

ಜಮ್ಮಾ ಎಂಬ ಕಾಣದ ತೊಡಕು

ಇಯುಡಿಆರ್ ಕೇಳುವ ಎರಡನೆಯ ಮಾತು ಕಾನೂನುಬದ್ಧತೆ. ಬೆಳೆದ ದೇಶದ ಭೂಮಿ, ಪರಿಸರ, ಕಾರ್ಮಿಕ ಮತ್ತು ಮಾನವ ಹಕ್ಕುಗಳ ಕಾನೂನಿನ ಪ್ರಕಾರ ಬೆಳೆದಿರಬೇಕು. ಕೊಡಗಿನಲ್ಲಿ ಜಮ್ಮಾ ಬಾಣೆಯ, ಅಂದರೆ ವಂಶಪಾರಂಪರ್ಯವಾಗಿ ಬಂದ ಬಾಣೆಯ ಪಹಣಿ ಇಂದಿಗೂ ಎಷ್ಟೋ ಕಡೆ ಒಕ್ಕದ (ಕೂಡು ಮನೆತನದ) ಹಿರಿಯರಾದ ಪಟ್ಟೆದಾರರ ಹೆಸರಿನಲ್ಲಿದೆ, ಅವರು ತೀರಿಕೊಂಡು ತಲೆಮಾರುಗಳೇ ಆಗಿರಬಹುದು. ತೋಟ ಮಾಡುವವರು ಇನ್ನೊಬ್ಬರು. ಇದು ಅಕ್ರಮವಲ್ಲ, ಕೊಡಗಿನ ಹಳೆಯ ಹಿಡುವಳಿ ಕ್ರಮ. ಆದರೆ ಹ್ಯಾಂಬರ್ಗಿನಲ್ಲಿ ಕೂತ ಪರಿಶೀಲಕನಿಗೆ ಒಂದು ಹೆಸರಿನ ಪಹಣಿ, ಇನ್ನೊಂದು ಹೆಸರಿನ ಮಾರಾಟ ಬಿಲ್ಲು ಕಂಡರೆ ಅನುಮಾನ ಬರುವುದು ಸಹಜ. ವಂಶವೃಕ್ಷ, ಒಕ್ಕದವರ ಒಪ್ಪಿಗೆ ಪತ್ರ, ಜಮ್ಮಾ ಎಂದರೇನು ಎಂಬ ಎರಡು ಪುಟದ ಅಧಿಕೃತ ವಿವರಣೆ, ಇಷ್ಟು ಜೊತೆಗಿದ್ದರೆ ಸಾಕು. ಆ ವಿವರಣೆ ಬೆಳೆಗಾರ ಒಬ್ಬೊಬ್ಬನೇ ಬರೆಯುವಂಥದ್ದಲ್ಲ. ಕಂದಾಯ ಇಲಾಖೆಯ ಮುದ್ರೆಯಿಂದ ಒಮ್ಮೆ ಬಂದರೆ ಎಲ್ಲರಿಗೂ ಆಗುತ್ತದೆ. ಪೈಸಾರಿ, ಅಂದರೆ ಸರ್ಕಾರಿ ಜಾಗದಲ್ಲಿ ಹಾಕಿದ ಕಾಫಿಯದ್ದು ಬೇರೆ ಮಾತು, ಅದನ್ನು ಜಮ್ಮಾದ ನೆರಳಿನಲ್ಲಿ ದಾಟಿಸಲು ಹೋದರೆ ಎರಡೂ ಕೆಡುತ್ತವೆ.

ಕಾರ್ಮಿಕರ ವಿಷಯವನ್ನೂ ಇಲ್ಲೇ ಹೇಳಬೇಕು. ನೆರಳು, ಹಕ್ಕಿ, ಕಾವೇರಿ ಎಂದು ಹೇಳುವ ನಮ್ಮ ಕಥನದಲ್ಲಿ ಕಾಫಿ ಕೊಯ್ಯುವ ಎರವ, ಕುರುಬ ಬುಡಕಟ್ಟಿನವರು, ಲೈನ್‌ಮನೆಯಲ್ಲಿರುವ ವಲಸೆ ಕೂಲಿಗಳು ಇಲ್ಲ. ಕಾನೂನಿನಲ್ಲಿ ಅವರಿದ್ದಾರೆ. ಜೀತ, ಕೂಲಿ ಬಾಕಿ, ಇರಲು ಯೋಗ್ಯವಲ್ಲದ ಲೈನ್‌ಮನೆಯ ಬಗ್ಗೆ ಒಂದು ವಿಶ್ವಾಸಾರ್ಹ ವರದಿ ಯುರೋಪಿನ ಪತ್ರಿಕೆಯಲ್ಲಿ ಬಂದರೆ ಇಡೀ ಜಿಲ್ಲೆಯ ಹಸಿರು ಕಥನಕ್ಕೆ ಉತ್ತರ ಉಳಿಯುವುದಿಲ್ಲ. ಅದು ಮಾರಾಟಕ್ಕಾಗಿ ಸರಿಪಡಿಸಬೇಕಾದ ವಿಷಯವೂ ಅಲ್ಲ, ಮೊದಲೇ ಸರಿಯಾಗಿರಬೇಕಾದದ್ದು.

ಯುರೋಪಿನೊಳಗೇ ಕಥನ ತಿರುಗಿದಾಗ

2024ರ ಡಿಸೆಂಬರ್ 30ಕ್ಕೆ ಜಾರಿಯಾಗಬೇಕಿದ್ದ ಕಾನೂನನ್ನು ಮೊದಲು ಒಂದು ವರ್ಷ ಮುಂದೂಡಿದರು. 2025ರ ಕೊನೆಯಲ್ಲಿ ಇನ್ನೊಂದು ವರ್ಷ: ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣ ಮತ್ತು ಅತಿ ಸಣ್ಣವಕ್ಕೆ 2027ರ ಜೂನ್ 30. ಇದನ್ನು ಸಾಧಿಸಿದ್ದು ಜಕಾರ್ತಾದ ಸಾಮ್ರಾಜ್ಯಶಾಹಿ ವಾದವಲ್ಲ, ದೆಹಲಿಯ ಸುಂಕವಲ್ಲದ ಅಡ್ಡಿಯ ವಾದವೂ ಅಲ್ಲ. ಆಸ್ಟ್ರಿಯಾದಂಥ ದೇಶಗಳ ಕೃಷಿ ಸಚಿವರು ಮತ್ತು ಅರಣ್ಯ ಮಾಲೀಕರು ‘ನಮ್ಮ ರೈತನಿಗೆ ಕಾಗದಪತ್ರದ ಹೊರೆ’ ಎಂದರು. ಆಯೋಗ ತನ್ನ ಗಣಕ ವ್ಯವಸ್ಥೆ ಭಾರ ತಾಳುವುದಿಲ್ಲ ಎಂದಿತು. ಕಾಡಿನ ಕಥನದ ಜಾಗಕ್ಕೆ ಸರಳೀಕರಣದ ಕಥನ ಬಂತು. ವಿಚಿತ್ರವೆಂದರೆ ನೆಸ್ಲೆ, ಫೆರೆರೊದಂಥ ಕಂಪನಿಗಳು ಮುಂದೂಡಿಕೆ ಬೇಡ ಎಂದವು. ತಯಾರಿಗೆ ಹಣ ಹಾಕಿದವರಿಗೆ ಹಾಕದವರ ಜೊತೆ ಸ್ಪರ್ಧಿಸುವುದು ನಷ್ಟ.

2025ರ ಮೇ 22ರಂದು ದೇಶಗಳ ಅಪಾಯ ವರ್ಗೀಕರಣ ಬಂತು. ಹೆಚ್ಚು ಅಪಾಯದ ಪಟ್ಟಿಯಲ್ಲಿ ನಾಲ್ಕೇ ದೇಶ: ರಷ್ಯಾ, ಬೆಲಾರೂಸ್, ಉತ್ತರ ಕೊರಿಯಾ, ಮ್ಯಾನ್ಮಾರ್. ನಾಲ್ಕೂ ನಿರ್ಬಂಧಗಳಿಗೆ ಒಳಗಾದವು. ಅಮೆಜಾನಿನ ಬ್ರೆಜಿಲ್ ಮಧ್ಯಮ ವರ್ಗದಲ್ಲಿ. ಅಂದರೆ ಕಾಡಿನ ಪಟ್ಟಿಯ ತುದಿಯಲ್ಲಿ ಕಂಡದ್ದು ವಿದೇಶಾಂಗ ನೀತಿ. ಆಗಸ್ಟ್ 21ರ ಅಮೆರಿಕ–ಯುರೋಪ್ ಜಂಟಿ ಹೇಳಿಕೆಯಲ್ಲಿ ಅಮೆರಿಕದ ಉತ್ಪಾದನೆಯಿಂದ ಜಾಗತಿಕ ಅರಣ್ಯನಾಶಕ್ಕೆ ನಗಣ್ಯ ಅಪಾಯ ಎಂದು ಒಪ್ಪಿಕೊಂಡರು. ಯಾವ ಕಥನಕ್ಕೂ ಹಿಂದೆ ಮಾರುಕಟ್ಟೆಯ ತೂಕ ಇದ್ದರೆ ಅದು ಬೇಗ ಕೇಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ.

ಭಾರತ ಕಡಿಮೆ ಅಪಾಯದ ಗುಂಪಿಗೆ ಸೇರಿತು. ಅದಕ್ಕೆ ಕಾರಣ ಮುಖ್ಯವಾಗಿ ಅರಣ್ಯದ ಅಂಕಿಅಂಶ, ನೆರಳಿನ ಕಥನವಲ್ಲ. ಪ್ರಯೋಜನವಿದೆ: ವರ್ಷಕ್ಕೆ ತಪಾಸಣೆಗೆ ಒಳಗಾಗುವ ಆಮದುದಾರರು ಕನಿಷ್ಠ ಶೇ 1, ಮಧ್ಯಮ ವರ್ಗಕ್ಕೆ ಶೇ 3, ಹೆಚ್ಚು ಅಪಾಯಕ್ಕೆ ಶೇ 9. ಆಮದುದಾರ ಅಪಾಯದ ಮೌಲ್ಯಮಾಪನ ಬಿಡಬಹುದು. ಆದರೆ ‘ಕಡಿಮೆ ಅಪಾಯ’ ಎಂಬುದನ್ನು ವಿನಾಯಿತಿ ಎಂದು ಓದಿಕೊಂಡರೆ ಕೈ ಸುಟ್ಟುಕೊಳ್ಳುತ್ತೇವೆ. ತೋಟದ ಬಿಂದು, ಕೊಯ್ಲಿನ ಕಾಲ, ಪ್ರಮಾಣ, ಕಾನೂನುಬದ್ಧತೆಯ ದಾಖಲೆ ಮೊದಲಿನಂತೆಯೇ ಬೇಕು.

ಇನ್ನು ಉಳಿದಿರುವ ಕೆಲಸ

ಕಾಫಿ ಮಂಡಳಿ ಬೆಳೆಗಾರರ ನೋಂದಣಿಗೆ ಆ್ಯಪ್ ತಂದಿದೆ. ಅದರಲ್ಲಿ ಹೆಸರು ಸೇರಿಸುವುದು ಮೊದಲ ಹೆಜ್ಜೆ ಅಷ್ಟೆ. ಅಲ್ಲಿ ಒತ್ತಿದ ಬಿಂದು ಸರಿಯಿದೆಯೇ ಎಂದು ಮನೆಗೆ ಬಂದು ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಬೇಕು. ರೊಬಸ್ಟಾ ಕೊಯ್ಲು ಮುಗಿದು, ಗಿಡ ಹೂ ಬಿಡಿಸುವ ಹೂಮಳೆ ಬರುವ ಮೊದಲಿನ ವಾರಗಳು ಗಡಿ ನಡೆಯಲು ಹೊಂದುವ ಕಾಲ: ಆಕಾಶ ತಿಳಿ, ಜಿಗಣೆ ಇಲ್ಲ, ಆಳು ಸಿಗುತ್ತಾರೆ. ನೆರಳು ಕಪಾತು ಮಾಡುವ ಮುಂಚೆ ಮತ್ತು ನಂತರ ಅದೇ ನಾಲ್ಕು ಜಾಗದಲ್ಲಿ ನಿಂತು ಚಿತ್ರ ತೆಗೆದಿಟ್ಟುಕೊಳ್ಳುವುದಕ್ಕೆ ಅರ್ಧ ಗಂಟೆಯೂ ಬೇಡ, ಮುಂದೆ ನಕ್ಷೆ ತಪ್ಪು ಹೇಳಿದಾಗ ಅದೇ ಸಾಕ್ಷಿ.

ವ್ಯಾಪಾರಿಯ ಗೋದಾಮಿನಲ್ಲಿ ನೋಂದಣಿಯಾದ ತೋಟಗಳ ಚೆರಿಗೆ ಪ್ರತ್ಯೇಕ ರಾಶಿ, ಪ್ರತಿ ಚೀಲಕ್ಕೆ ಬೆಳೆಗಾರನ ಸಂಖ್ಯೆ, ಔಟ್‌ಟರ್ನ್ (ಚೆರಿಯಿಂದ ಎಷ್ಟು ಬೀಜ ಸಿಕ್ಕಿತು ಎಂಬ) ಲೆಕ್ಕದ ಜೊತೆ ಆ ಸಂಖ್ಯೆಗಳ ಪಟ್ಟಿ ಇರಬೇಕು. ತೋಟದ ವಿಸ್ತೀರ್ಣಕ್ಕೆ ಮೀರಿದ ಬೀಜ ಒಬ್ಬನ ಹೆಸರಿನಲ್ಲಿ ಹೋದರೆ ಪರಿಶೀಲನೆಯಲ್ಲಿ ಬಯಲಾಗಬಹುದು, ಎರಡು ಎಕರೆಗೆ ಐದು ಟನ್ ಬರೆದವನ ಜೊತೆ ಉಳಿದ 23 ಮಂದಿಯೂ ಸಿಕ್ಕಿಬೀಳುತ್ತಾರೆ. ಸಣ್ಣ ಬೆಳೆಗಾರರು ಸಹಕಾರ ಸಂಘದ ಹೆಸರಿನಲ್ಲಿ ಒಟ್ಟಾಗಿ ಕೊಟ್ಟರೆ ಈ ಖರ್ಚು ತಲೆಗೆ ಕಡಿಮೆ ಬೀಳುತ್ತದೆ, ದತ್ತಾಂಶವೂ ರಫ್ತುದಾರನ ಕೈಗೆ ಪೂರ್ತಿ ಹೋಗದೆ ಸಂಘದಲ್ಲೇ ಉಳಿಯುತ್ತದೆ. ತೋಟದ ಗಡಿ, ಇಳುವರಿ, ಹೆಸರು ಒಟ್ಟಿಗಿರುವ ಆ ಕಡತಕ್ಕೆ ಬೆಲೆ ಇದೆ. ಅದನ್ನು ಯಾರಿಗೆ, ಎಷ್ಟು ಕಾಲಕ್ಕೆ, ಯಾವ ಉಪಯೋಗಕ್ಕೆ ಕೊಡುತ್ತೇವೆ ಎಂಬುದನ್ನು ಬರವಣಿಗೆಯಲ್ಲಿ ಮಾಡಿಕೊಂಡೇ ಕೊಡಬೇಕು.